ದೇವರು ಆರಿಸಿಕೊಂಡ ಜನ: ಯೆಹೂದಿ ಚಿಂತನೆಯಲ್ಲಿ ಒಂದು ಮಾತಿನ ಭಾರ

ಯೆಹೂದಿಗಳ ವಾರದ ವಿಶ್ರಾಂತಿದಿನವಾದ ಶಬ್ಬಾತ್ ದಿನದ ಬೆಳಿಗ್ಗೆ ಅವರ ಪ್ರಾರ್ಥನಾಮಂದಿರವಾದ ಸಿನಗಾಗ್‌ನಲ್ಲಿ ಬೈಬಲಿನ ಮೊದಲ ಐದು ಪುಸ್ತಕಗಳಾದ ತೋರಾದ ಸುರುಳಿಯನ್ನು ಬಿಚ್ಚಿ ಓದುವ ಮೊದಲು, ಕರೆ ಬಂದ ವ್ಯಕ್ತಿ ಸುರುಳಿಯ ಮುಂದೆ ನಿಂತು ಒಂದು ಚಿಕ್ಕ ಸ್ತುತಿಯನ್ನು ಹೇಳುತ್ತಾನೆ. ಎಲ್ಲ ಜನಾಂಗಗಳ ನಡುವಿನಿಂದ ನಮ್ಮನ್ನು ಆರಿಸಿಕೊಂಡು ತನ್ನ ತೋರಾವನ್ನು ನಮಗೆ ಕೊಟ್ಟ ದೇವರಿಗೆ ಸ್ತೋತ್ರ ಎಂಬುದು ಅದರ ತಿರುಳು. ಹೊರಗಿನವರ ಕಿವಿಗೆ ಇದರ ಮೊದಲರ್ಧ ಮಾತ್ರ ಬೀಳುತ್ತದೆ. ಆರಿಸಿಕೊಂಡನು ಎಂದ ಕೂಡಲೇ 'ಹಾಗಾದರೆ ಉಳಿದವರು ಯಾರು?' ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಯನ್ನು ಹಿಡಿದೇ ಯೆಹೂದಿಗಳನ್ನು ಅಹಂಕಾರಿಗಳೆಂದು ದೂರಿದವರಿದ್ದಾರೆ, ಅವರ ವಿರುದ್ಧ ದ್ವೇಷವನ್ನು ಬಿತ್ತಿದವರೂ ಇದ್ದಾರೆ. ಆದರೆ ಆ ಸ್ತುತಿಯಲ್ಲಿ ಆರಿಸಿಕೊಳ್ಳುವುದೂ ಕೊಡುವುದೂ ಒಂದೇ ಉಸಿರಿನಲ್ಲಿ ಬರುತ್ತವೆ. ಎರಡನೆಯದನ್ನು ಬಿಟ್ಟರೆ ಮೊದಲನೆಯದಕ್ಕೆ ಅರ್ಥವಿಲ್ಲ.

ನಮ್ಮ ಭಾಷೆಯೂ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ ಎಂದು ನನಗೆ ತೋರುತ್ತದೆ. ಕನ್ನಡದಲ್ಲಿ 'ಆರಿಸು' ಎಂದಾಗ ಮೊರದಲ್ಲಿ ಅಕ್ಕಿ ಆರಿಸುವ ಚಿತ್ರ ಮನಸ್ಸಿಗೆ ಬರುತ್ತದೆ: ಒಳ್ಳೆಯದು ಉಳಿಯುತ್ತದೆ, ಕಲ್ಲು ಹೊರಗೆ ಬೀಳುತ್ತದೆ. ಹೀಬ್ರೂ ಬೈಬಲಿನಲ್ಲಿ ಈ ವಿಚಾರಕ್ಕೆ ಬಳಕೆಯಾಗುವ 'ಬಾಹರ್' ಎಂಬ ಕ್ರಿಯಾಪದದಲ್ಲಿ ಉಳಿದವರನ್ನು ಎಸೆಯುವ ಅರ್ಥ ಅಡಗಿರಲೇಬೇಕೆಂದಿಲ್ಲ. ಅದರ ಜೊತೆಗೆ ಬರುವ ಇನ್ನೊಂದು ಪದ 'ಸೆಗುಲಾ' ಇನ್ನೂ ಸ್ಪಷ್ಟವಾಗಿದೆ. ದಾವೀದನು ದೇವಾಲಯಕ್ಕೆಂದು ರಾಜ್ಯದ ಭಂಡಾರದಿಂದಲ್ಲದೆ ತನ್ನ ಸ್ವಂತದ ಚಿನ್ನ ಬೆಳ್ಳಿಯನ್ನು ಕೊಟ್ಟಾಗ ಬೈಬಲ್ ಆ ಖಾಸಾ ಬೊಕ್ಕಸಕ್ಕೆ ಇದೇ ಪದವನ್ನು ಬಳಸುತ್ತದೆ. ಇಡೀ ನಾಡು ಅರಸನದೇ, ಆದರೂ ಅವನು ತನ್ನ ಕೈಯಿಂದಲೇ ತೆಗೆದಿಟ್ಟುಕೊಳ್ಳುವ ಒಂದು ಗಂಟಿರುತ್ತದೆ. ವಿಮೋಚನಕಾಂಡದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ, ಸೀನಾಯಿ ಬೆಟ್ಟದ ಬುಡದಲ್ಲಿ, ಐಗುಪ್ತದ (ಈಜಿಪ್ಟಿನ) ದಾಸ್ಯದಿಂದ ಆಗಷ್ಟೇ ಹೊರಬಂದ ಜನರಿಗೆ ದೇವರು ಹೇಳುವುದು ಇದನ್ನೇ: ನನ್ನ ಮಾತಿಗೆ ಕಿವಿಗೊಟ್ಟು ಒಡಂಬಡಿಕೆಯನ್ನು ಉಳಿಸಿಕೊಂಡರೆ ನೀವು ನನ್ನ ಸೆಗುಲಾ ಆಗುವಿರಿ, ಏಕೆಂದರೆ ಭೂಮಿಯೆಲ್ಲ ನನ್ನದು, ನೀವು ನನಗೆ ಯಾಜಕರ ರಾಜ್ಯವೂ ಪರಿಶುದ್ಧ ಜನವೂ ಆಗುವಿರಿ. ಇಲ್ಲಿ 'ಉಳಿಸಿಕೊಂಡರೆ' ಎಂಬ ಷರತ್ತು ಉಂಟು. ಯಾಜಕ ಎನ್ನುವವನು ಇತರರ ಪರವಾಗಿ ಕೆಲಸ ಮಾಡುವವನು ಎಂಬುದನ್ನೂ ಮರೆಯಬಾರದು.

ಯಾಕೆ ಇವರನ್ನೇ ಆರಿಸಿದ್ದು ಎಂಬ ಪ್ರಶ್ನೆಗೆ ಧರ್ಮೋಪದೇಶಕಾಂಡ ಕೊಡುವ ಉತ್ತರ ಹೊಗಳಿಕೆಯದಲ್ಲ. ನೀವು ಸಂಖ್ಯೆಯಲ್ಲಿ ಹೆಚ್ಚಿನವರೆಂದು ಅಲ್ಲ, ಎಲ್ಲರಿಗಿಂತ ಕಡಿಮೆಯವರು ನೀವು ಎನ್ನುತ್ತದೆ ಏಳನೆಯ ಅಧ್ಯಾಯ. ಪ್ರೀತಿ ಮತ್ತು ಪೂರ್ವಜರಿಗೆ ಕೊಟ್ಟ ಆಣೆ ಎಂಬ ಎರಡು ಕಾರಣಗಳನ್ನಷ್ಟೇ ಮುಂದಿಡುತ್ತದೆ. ಒಂಬತ್ತನೆಯ ಅಧ್ಯಾಯ ಇನ್ನೂ ಕಟುವಾಗಿ, ನಿಮ್ಮ ನೀತಿವಂತಿಕೆಯಿಂದ ಈ ನಾಡು ಸಿಗುತ್ತಿಲ್ಲ, ನೀವು ಮೊಂಡ ಜನ ಎಂದು ಬಿಡಿಸಿ ಹೇಳುತ್ತದೆ. ತನ್ನ ಜನರ ಮೂಲಕಥೆಯನ್ನೇ ಹೇಳುವ ಗ್ರಂಥವೊಂದು ಆ ಜನರನ್ನು ಇಷ್ಟು ನಿಷ್ಠುರವಾಗಿ ಬೈಯುವುದು ಅಪರೂಪ.

ಪ್ರವಾದಿಗಳ ಕೈಯಲ್ಲಿ ಈ ವಿಚಾರ ಮತ್ತಷ್ಟು ತೀಕ್ಷ್ಣವಾಯಿತು, ಅದಕ್ಕೆ ಚರಿತ್ರೆಯ ಕಾರಣವಿದೆ. ಐಗುಪ್ತದ ಮತ್ತು ಮೆಸಪೊಟೇಮಿಯಾದ ದೊಡ್ಡ ಸಾಮ್ರಾಜ್ಯಗಳ ನಡುವೆ ಸಿಕ್ಕಿದ ಎರಡು ಪುಟ್ಟ ರಾಜ್ಯಗಳು ಇವರವು. ಉತ್ತರದ ಇಸ್ರಾಯೇಲ್ ಕ್ರಿಸ್ತಪೂರ್ವ 722ರ ಸುಮಾರಿಗೆ ಅಶ್ಶೂರರಿಗೆ ಬಲಿಯಾಯಿತು. ದಕ್ಷಿಣದ ಯೆಹೂದದ ಯೆರೂಸಲೇಮ್ ಮತ್ತು ಅದರ ದೇವಾಲಯವನ್ನು ಕ್ರಿಸ್ತಪೂರ್ವ 586ರಲ್ಲಿ ಬಾಬಿಲೋನಿನವರು ನಾಶ ಮಾಡಿದರು. ಆ ಕಾಲದ ರೂಢಿಯ ತರ್ಕದಂತೆ ಒಂದು ಜನ ಸೋತರೆ ಅವರ ದೇವರೂ ಸೋತಂತೆ, ಗೆದ್ದವರ ದೇವರಿಗೆ ತಲೆಬಾಗಿದರೆ ಮುಗಿಯಿತು. ಪ್ರವಾದಿಗಳು ಈ ತರ್ಕವನ್ನು ತಲೆಕೆಳಗು ಮಾಡಿದರು. ಸೋತದ್ದು ದೇವರಲ್ಲ, ದೇವರೇ ತನ್ನವರನ್ನು ಶಿಕ್ಷಿಸಿದ್ದಾನೆ ಎಂದರು. ಉತ್ತರದ ರಾಜ್ಯ ಬೀಳುವ ಮೊದಲೇ ತೆಕೋವದ ಕುರಿಗಾಹಿ ಆಮೋಸ ಸಾರಿದ್ದ: ಭೂಮಿಯ ಎಲ್ಲ ಕುಲಗಳಲ್ಲಿ ನಿಮ್ಮನ್ನು ಮಾತ್ರ ನಾನು ಅರಿತೆ, ಆದಕಾರಣ ನಿಮ್ಮ ಎಲ್ಲ ಅಪರಾಧಗಳಿಗೂ ನಿಮ್ಮನ್ನು ದಂಡಿಸುವೆನು. ಕೇಳುತ್ತಿದ್ದವರು 'ಆದಕಾರಣ ನಿಮ್ಮನ್ನು ಕಾಯುವೆನು' ಎಂಬ ಮಾತನ್ನು ನಿರೀಕ್ಷಿಸಿರಬೇಕು. ಇದೇ ಆಮೋಸ ಪುಸ್ತಕದ ಕೊನೆಯಲ್ಲಿ, ನೀವು ನನಗೆ ಕೂಷ್ಯರ ಹಾಗಲ್ಲವೇ, ನಿಮ್ಮನ್ನು ಐಗುಪ್ತದಿಂದ ತಂದಂತೆಯೇ ಫಿಲಿಷ್ಟಿಯರನ್ನು ಕಫ್ತೋರಿನಿಂದಲೂ ಅರಾಮ್ಯರನ್ನು ಕೀರಿನಿಂದಲೂ ತರಲಿಲ್ಲವೇ ಎಂದು ದೇವರ ಬಾಯಲ್ಲಿ ಕೇಳಿಸುತ್ತಾನೆ. ಕೂಷ್ಯರು ದೂರದ ಆಫ್ರಿಕದ ಜನ, ಫಿಲಿಷ್ಟಿಯರೂ ಅರಾಮ್ಯರೂ ಇಸ್ರಾಯೇಲಿನ ಹಗೆಗಳು. ಯೆಶಾಯನ ಹತ್ತೊಂಬತ್ತನೆಯ ಅಧ್ಯಾಯ ಇನ್ನೂ ಮುಂದೆ ಹೋಗಿ, ಐಗುಪ್ತವನ್ನು 'ನನ್ನ ಜನ' ಎಂದೂ ಅಶ್ಶೂರವನ್ನು 'ನನ್ನ ಕೈಕೆಲಸ' ಎಂದೂ ದೇವರು ಹರಸುವ ದಿನವನ್ನು ಕಾಣುತ್ತದೆ. ದಾಸ್ಯದಲ್ಲಿಟ್ಟವರಿಗೂ ನಾಡನ್ನು ಹಾಳುಗೆಡವಿದವರಿಗೂ ಇಸ್ರಾಯೇಲಿನ ಬಿರುದುಗಳನ್ನೇ ಹಂಚುವ ಈ ಸಾಲನ್ನು ಓದಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಕ್ರಿಸ್ತಶಕ 70ರಲ್ಲಿ ರೋಮನ್ನರು ಎರಡನೆಯ ದೇವಾಲಯವನ್ನು ಕೆಡವಿದ ಮೇಲೆ ಈ ವಿಚಾರ ರಬ್ಬಿಗಳ, ಅಂದರೆ ಯೆಹೂದಿ ಧರ್ಮಪಂಡಿತರ, ಕೈಗೆ ಬಂತು. ಅದನ್ನು ಸಿದ್ಧಾಂತವಾಗಿ ಕಟ್ಟುವ ಬದಲು ಅವರು ಕಥೆಗಳನ್ನು ಹೇಳಿದರು, ಮತ್ತು ಆ ಕಥೆಗಳು ಒಂದಕ್ಕೊಂದು ಹೊಂದಬೇಕೆಂಬ ಹಟವನ್ನು ಇಟ್ಟುಕೊಳ್ಳಲಿಲ್ಲ. ಒಂದು ಕಥೆಯಲ್ಲಿ ದೇವರು ತೋರಾವನ್ನು ಹಿಡಿದು ಜನಾಂಗದಿಂದ ಜನಾಂಗಕ್ಕೆ ಹೋಗುತ್ತಾನೆ. ಏಸಾವನ ಮಕ್ಕಳು ಇದರಲ್ಲಿ ಏನಿದೆ ಎಂದು ಕೇಳುತ್ತಾರೆ, ಕೊಲ್ಲಬಾರದು ಎಂದಿದೆ ಎಂದು ತಿಳಿದು ಬೇಡವೆನ್ನುತ್ತಾರೆ; ಇತರರು ವ್ಯಭಿಚಾರದ, ಕಳವಿನ ನಿಷೇಧವನ್ನು ಕೇಳಿ ಹಿಂಜರಿಯುತ್ತಾರೆ; ಇಸ್ರಾಯೇಲರು ಮಾತ್ರ ಏನಿದೆ ಎಂದೂ ಕೇಳದೆ 'ಮಾಡುವೆವು, ಕೇಳುವೆವು' ಎನ್ನುತ್ತಾರೆ. ಇಲ್ಲಿ ಆರಿಸಿಕೊಂಡವರು ಜನರೇ. ಆದರೆ ರಬ್ಬಿಗಳ ಚರ್ಚೆಗಳ ದೊಡ್ಡ ಸಂಗ್ರಹವಾದ ತಾಲ್ಮೂದಿನ ಶಬ್ಬಾತ್ ಭಾಗದಲ್ಲಿ ಬರುವ ಇನ್ನೊಂದು ಕಥೆಯಲ್ಲಿ ದೇವರು ಸೀನಾಯಿ ಬೆಟ್ಟವನ್ನೇ ಕಿತ್ತು ಅವರ ತಲೆಯ ಮೇಲೆ ಕೊಳಗದಂತೆ ಬೋರಲು ಹಿಡಿದು, ಒಪ್ಪಿದರೆ ಸರಿ, ಇಲ್ಲದಿದ್ದರೆ ಇಲ್ಲೇ ನಿಮ್ಮ ಸಮಾಧಿ ಎನ್ನುತ್ತಾನೆ. ಒಬ್ಬ ರಬ್ಬಿ ತಕ್ಷಣ ಆಕ್ಷೇಪ ಎತ್ತುತ್ತಾನೆ: ಬಲವಂತದಿಂದ ಆದ ಕರಾರು ಊರ್ಜಿತವಲ್ಲವಲ್ಲ! ಅದಕ್ಕೆ ರಾವಾ ಎಂಬ ವಿದ್ವಾಂಸ, ಪರ್ಷಿಯದ ರಾಣಿಯಾದ ಎಸ್ತೇರಳ ಕಾಲದಲ್ಲಿ ಜನ ಅದನ್ನು ತಾವಾಗಿಯೇ ಮತ್ತೊಮ್ಮೆ ಒಪ್ಪಿಕೊಂಡರು ಎಂದು ಸಮಾಧಾನ ಹೇಳುತ್ತಾನೆ. ಎರಡೂ ಕಥೆಗಳನ್ನು ಒಟ್ಟಿಗೆ ಇಟ್ಟುಕೊಂಡ ಪರಂಪರೆಗೆ ತನ್ನ ಆಯ್ಕೆ ಬರಿಯ ಬಹುಮಾನವಾಗಿ ಎಂದೂ ಕಂಡಿರಲಿಲ್ಲ.

ಮತಾಂತರವನ್ನು ಬಯಸುವ ಧರ್ಮಗಳ ಪರಿಚಯವಿರುವ ನಮಗೆ ಥಟ್ಟನೆ ಹೊಳೆಯದ ಒಂದು ಸಂಗತಿ ಇಲ್ಲಿದೆ. ರಬ್ಬಿಗಳ ದೃಷ್ಟಿಯಲ್ಲಿ ಸದ್ಗತಿಗಾಗಿ ಯಾರೂ ಯೆಹೂದಿಯಾಗಬೇಕಿಲ್ಲ. ಕೊಲೆ, ಕಳವು, ವಿಗ್ರಹಾರಾಧನೆ, ದೇವನಿಂದೆ ಮೊದಲಾದವನ್ನು ನಿಷೇಧಿಸಿ ನ್ಯಾಯಾಲಯಗಳನ್ನು ಸ್ಥಾಪಿಸಬೇಕೆನ್ನುವ ಏಳು ಕಟ್ಟಳೆಗಳು ನೋಹನ ಸಂತತಿಗೆ, ಅಂದರೆ ಮನುಷ್ಯರಿಗೆಲ್ಲ, ಸಲ್ಲುತ್ತವೆ. ಇತರ ಜನಾಂಗಗಳ ನೀತಿವಂತರಿಗೂ ಬರಲಿರುವ ಲೋಕದಲ್ಲಿ ಪಾಲುಂಟು ಎಂಬ ಮಾತು ರಬ್ಬಿಗಳ ಹಳೆಯ ಸಂಗ್ರಹವಾದ ತೊಸೆಫ್ತಾದಲ್ಲಿದೆ. ಯೆಹೂದಿಗಳಿಗಾದರೋ ತಾಲ್ಮೂದಿನ ಎಣಿಕೆಯಂತೆ 613 ಆಜ್ಞೆಗಳು. ಆಯ್ಕೆಯಿಂದ ಹೆಚ್ಚಿದ್ದು ಕೆಲಸ. ಆದಿಯಲ್ಲಿ ಒಬ್ಬನೇ ಮನುಷ್ಯನನ್ನು ಸೃಷ್ಟಿಸಿದ್ದು ಏಕೆಂದರೆ, ನನ್ನ ತಂದೆ ನಿನ್ನ ತಂದೆಗಿಂತ ದೊಡ್ಡವನೆಂದು ಯಾರೂ ಹೇಳದಿರಲಿ ಎಂದು, ಎಂಬ, ತಾಲ್ಮೂದಿಗೆ ತಳಹದಿಯಾದ ಮಿಶ್ನಾ ಎಂಬ ಸಂಗ್ರಹದ ಮಾತೂ ಇದೇ ರಬ್ಬಿಗಳದು. ಅವರು ಬರೆದದ್ದೆಲ್ಲ ಇಷ್ಟು ಉದಾರವಾಗಿಲ್ಲ. ರೋಮಿನ ತುಳಿತಕ್ಕೆ ಸಿಕ್ಕಿದವರ ಕಹಿಯೂ ಆ ಸಾಹಿತ್ಯದಲ್ಲಿ ಅಲ್ಲಲ್ಲಿ ಇಳಿದಿದೆ. ಹಾಗಿದ್ದೂ ತೋರಾವನ್ನು ಮರುಭೂಮಿಯಲ್ಲಿ ಕೊಟ್ಟದ್ದೇಕೆ ಎಂಬ ಪ್ರಶ್ನೆಗೆ ಮೆಖಿಲ್ತಾ ಎಂಬ ವ್ಯಾಖ್ಯಾನ ಕೊಡುವ ಉತ್ತರ ಹೀಗಿದೆ: ಅದು ಯಾರ ಒಡೆತನಕ್ಕೂ ಸೇರದ ಬಯಲು, ಸ್ವೀಕರಿಸಬಯಸುವ ಯಾರೇ ಆಗಲಿ ಬಂದು ಸ್ವೀಕರಿಸಲಿ.

ಈ ಬಯಲಿನ ಮಾತೇ ಇಡೀ ವಿಚಾರಕ್ಕೆ ಒರೆಗಲ್ಲು ಎಂದು ನಾನು ಭಾವಿಸುತ್ತೇನೆ. ಆಯ್ಕೆ ಎನ್ನುವುದು ರಕ್ತದಲ್ಲಿ ಹರಿದು ಬರುವ ಗುಣವೋ, ಹೆಗಲ ಮೇಲೆ ಹೊತ್ತುಕೊಳ್ಳುವ ಕರ್ತವ್ಯವೋ ಎಂಬುದನ್ನು ತಿಳಿಯಬೇಕಾದರೆ, ಹೊರಗಿನಿಂದ ಬಂದು ಬಾಗಿಲು ತಟ್ಟುವವನಿಗೆ ಆಯಾ ಚಿಂತಕ ಏನು ಹೇಳುತ್ತಾನೆ ಎಂದು ನೋಡಬೇಕು. ತಾಲ್ಮೂದಿನ ಪ್ರಕಾರ ಅವನನ್ನು ಮೊದಲು ಕೇಳಬೇಕಾದದ್ದು: ಏನನ್ನು ಕಂಡು ಬಂದೆ? ಇಸ್ರಾಯೇಲರು ಈ ಕಾಲದಲ್ಲಿ ನೊಂದವರು, ತುಳಿತಕ್ಕೆ ಒಳಗಾದವರು ಎಂಬುದು ನಿನಗೆ ತಿಳಿಯದೇ? ತಿಳಿದಿದೆ, ಅವರೊಡನೆ ಸೇರಲು ನಾನು ಅರ್ಹನೂ ಅಲ್ಲ ಎಂದು ಅವನು ಹೇಳಿದರೆ, ಒಡನೆಯೇ ಅವನನ್ನು ಸ್ವೀಕರಿಸಬೇಕು.

ಹನ್ನೆರಡನೆಯ ಶತಮಾನದ ಇಬ್ಬರು ದೊಡ್ಡವರು ಈ ಬಾಗಿಲಿನ ಎರಡು ಕಡೆ ನಿಂತಂತೆ ಕಾಣುತ್ತಾರೆ. ಸ್ಪೇನಿನ ಕವಿ ಯೆಹೂದಾ ಹಲೇವಿ 1140ರ ಸುಮಾರಿಗೆ ಅರಬಿ ಭಾಷೆಯಲ್ಲಿ 'ಕುಜಾರಿ' ಎಂದು ಪ್ರಸಿದ್ಧವಾದ ಸಂವಾದಗ್ರಂಥವನ್ನು ಮುಗಿಸಿದ. ತಿರಸ್ಕೃತ ಧರ್ಮದ ಸಮರ್ಥನೆ ಎಂಬ ಮಾತು ಅದರ ಮೂಲ ಶೀರ್ಷಿಕೆಯಲ್ಲಿಯೇ ಇದೆ. ಆಗಿನ ಸ್ಪೇನಿನಲ್ಲಿ ಕ್ರೈಸ್ತ ದೊರೆಗಳೂ ಮುಸ್ಲಿಮ್ ದೊರೆಗಳೂ ಕಾದಾಡುತ್ತಿದ್ದರು. ಒಡಂಬಡಿಕೆ ಈಗ ತಮ್ಮ ಪಾಲಾಗಿದೆ ಎಂದು ಕ್ರೈಸ್ತರೂ, ಅಂತಿಮ ಪ್ರಕಟಣೆ ತಮ್ಮದೆಂದು ಮುಸ್ಲಿಮರೂ ನಂಬಿದ್ದ ಕಾಲದಲ್ಲಿ ಯೆಹೂದಿಗಳಿಗೆ ರಾಜ್ಯವೂ ಇರಲಿಲ್ಲ, ಸೈನ್ಯವೂ ಇರಲಿಲ್ಲ. ಆ ಅವಮಾನದ ನಡುವೆ ಹಲೇವಿ, ಆದಾಮನಿಂದ ಒಂದು ಸಾಲಿನಲ್ಲಿ ಇಳಿದುಬಂದ 'ದೈವಿಕ ಅಂಶ' ಇಸ್ರಾಯೇಲಿನಲ್ಲಿದೆ, ಪ್ರವಾದನೆಯ ಸಾಮರ್ಥ್ಯ ಅದರಿಂದ ಬರುತ್ತದೆ ಎಂದು ವಾದಿಸಿದ. ಜನಾಂಗಗಳ ನಡುವೆ ಇಸ್ರಾಯೇಲ್ ಅಂಗಗಳ ನಡುವಿನ ಹೃದಯದಂತೆ, ಎಲ್ಲಕ್ಕಿಂತ ಆರೋಗ್ಯವುಳ್ಳದ್ದೂ ಎಲ್ಲಕ್ಕಿಂತ ಬೇಗ ನೋಯುವುದೂ ಅದೇ ಎಂಬ ಅವನ ಹೋಲಿಕೆ ಮರೆಯಲಾಗದ್ದು. ಆದರೆ ಇದರ ಬೆಲೆಯನ್ನು ಹೊಸದಾಗಿ ಬಂದವನು ತೆರಬೇಕಾಯಿತು. ನಮ್ಮೊಡನೆ ಸೇರಿದವನಿಗೆ ನಮ್ಮ ಒಳಿತಿನಲ್ಲಿ ಪಾಲುಂಟು, ಆದರೆ ಅವನು ನಮಗೆ ಸಮನಲ್ಲ, ಪ್ರವಾದಿಯಾಗಲಾರ ಎಂದು ಹಲೇವಿ ಬರೆದ. ಗಾಯದಿಂದ ಹುಟ್ಟಿದ ಮಾತು ಎಂದು ಇದನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ, ಒಪ್ಪಲಾರೆ. ಹಲೇವಿಯ ಕಥೆಯಲ್ಲಿ ಪ್ರಶ್ನೆ ಕೇಳಿ ಯೆಹೂದಿಯಾಗುವವನು ಹೊರಗಿನವನಾದ, ಖಜಾರರು ಎಂಬ ಮಧ್ಯಯುಗದ ತುರ್ಕಿ ಜನದ ದೊರೆಯೇ ಆಗಿರುವುದರಿಂದ ಈ ಮಾತು ಇನ್ನಷ್ಟು ಚುಚ್ಚುತ್ತದೆ.

ಕೆಲವು ದಶಕಗಳ ನಂತರ ಈಜಿಪ್ಟಿನಲ್ಲಿದ್ದ ಧರ್ಮಶಾಸ್ತ್ರಜ್ಞ ಮೈಮೊನಿಡಿಸ್‌ಗೆ (1138–1204) ಒಬದ್ಯ ಎಂಬ ಮತಾಂತರಗೊಂಡ ವ್ಯಕ್ತಿ ಪತ್ರ ಬರೆದ. ಪ್ರಾರ್ಥನೆಯಲ್ಲಿ 'ನಮ್ಮ ಪಿತೃಗಳ ದೇವರೇ' ಎಂದು, 'ನಮ್ಮನ್ನು ಆರಿಸಿಕೊಂಡವನೇ' ಎಂದು ನಾನೂ ಹೇಳಬಹುದೇ ಎಂಬುದು ಅವನ ಪ್ರಶ್ನೆ. ಹೊಸಬನು 'ನಮ್ಮ ಪಿತೃಗಳು' ಎನ್ನುವಂತಿಲ್ಲ ಎಂಬ ಅಭಿಪ್ರಾಯ ಮಿಶ್ನಾದಲ್ಲಿಯೇ ಇತ್ತು. ಮೈಮೊನಿಡಿಸ್ ಅದನ್ನು ಬಿಟ್ಟು, ಯೆರೂಸಲೇಮಿನ ತಾಲ್ಮೂದ್ ಎತ್ತಿಹಿಡಿದ ಬೇರೊಂದು ಮತವನ್ನು ಅನುಸರಿಸಿ, ಎಲ್ಲವನ್ನೂ ಇದ್ದಂತೆಯೇ ಹೇಳು ಎಂದು ಉತ್ತರಿಸಿದರು. ಯೆಹೂದಿಗಳ ಮೂಲಪುರುಷ ಅಬ್ರಹಾಮನು ತನ್ನ ದಾರಿಯಲ್ಲಿ ನಡೆಯುವವರೆಲ್ಲರ ತಂದೆ. ಐಗುಪ್ತದಿಂದ ಹೊರತಂದ ಮಾತನ್ನು ಬೇಕಾದರೆ ಬದಲಿಸಬಹುದು, ಬದಲಿಸದಿದ್ದರೂ ನಷ್ಟವಿಲ್ಲ. ಆದರೆ 'ನಮ್ಮನ್ನು ಆರಿಸಿಕೊಂಡ' ಎಂಬುದನ್ನು ಹೇಳಲೇಬೇಕು, ಏಕೆಂದರೆ ದೇವರು ನಿನ್ನನ್ನೂ ಆರಿಸಿಕೊಂಡಿದ್ದಾನೆ. ನಮ್ಮ ವಂಶ ಅಬ್ರಹಾಮ, ಇಸಾಕ, ಯಾಕೋಬರಿಗೆ ಸೇರಿದರೆ ನಿನ್ನ ವಂಶ ನುಡಿದು ಲೋಕವನ್ನು ಉಂಟುಮಾಡಿದವನಿಗೇ ಸೇರುತ್ತದೆ ಎಂದು ಆ ಪತ್ರ ಒಬದ್ಯನನ್ನು ಸಂತೈಸುತ್ತದೆ. ಯೆಹೂದಿ ನಂಬಿಕೆಯ ಹದಿಮೂರು ಮೂಲತತ್ವಗಳನ್ನು ಪಟ್ಟಿ ಮಾಡಿದ ಮೈಮೊನಿಡಿಸ್ ಅದರಲ್ಲಿ ಇಸ್ರಾಯೇಲಿನ ಆಯ್ಕೆಯನ್ನು ಸೇರಿಸಲಿಲ್ಲ ಎಂಬುದನ್ನೂ ಗಮನಿಸಬೇಕು.

ಈ ಚರ್ಚೆಯ ಅಂಚಿನಲ್ಲಿ ಮಂಗಳೂರು ಬರುತ್ತದೆ. ಕೈರೋದ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಶತಮಾನಗಳ ಕಾಲ ಕೂಡಿಬಿದ್ದ ಹಳೆಯ ಕಾಗದಗಳ ರಾಶಿಯಲ್ಲಿ ಹಲೇವಿಯ ಸ್ವಹಸ್ತದ ಪತ್ರಗಳು ಸಿಕ್ಕಿವೆ. ಅವುಗಳಲ್ಲಿ ಹಲವು, ಭಾರತದೊಡನೆ ವ್ಯಾಪಾರ ಮಾಡುತ್ತಿದ್ದ ಅವನ ಗೆಳೆಯ ಹಲ್ಫೋನ್ ಬೆನ್ ನೆತನೇಲನಿಗೆ ಬರೆದವು. ಅದೇ ರಾಶಿಯಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಷಿಯಾ ಮೂಲದ ವ್ಯಾಪಾರಿಯ ಕಾಗದಗಳೂ ಇವೆ. ಇವನು 1132ರಿಂದ 1149ರವರೆಗಿನ ಅವಧಿಯ ಬಹುಭಾಗವನ್ನು ಮಲಬಾರ್ ಮತ್ತು ತುಳುನಾಡಿನ ಕರಾವಳಿಯಲ್ಲಿ ಕಳೆದವನು. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅವನು ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ ಬರೆಸಿದ ಪತ್ರ ಉಳಿದಿದೆ. ಯೆಹೂದಿ ಕಟ್ಟಳೆಯಂತೆ ಬಿಡುಗಡೆ ಹೊಂದಿದ ದಾಸಿ ಸಮುದಾಯದ ಪೂರ್ಣ ಸದಸ್ಯೆ. ಅವಳಿಗೆ ಬಂದ ಹೀಬ್ರೂ ಹೆಸರು ಬೆರಾಖಾ, ಅಂದರೆ ಆಶೀರ್ವಾದ. ಆದಿಕಾಂಡದಲ್ಲಿ ಅಬ್ರಹಾಮನನ್ನು ಕರೆದಾಗ ದೇವರು 'ನೀನು ಆಶೀರ್ವಾದವಾಗಿರು' ಎಂದು ಬಳಸಿದ ಪದವೇ ಅದು. ಬೆನ್ ಯಿಜುವಿನ ಮಕ್ಕಳ ತಾಯಿ ಇವಳೇ ಎಂದು ವಿದ್ವಾಂಸರು ಭಾವಿಸುತ್ತಾರೆ. ಹೊಸಬರು ಸಮಾನರಲ್ಲ ಎಂಬ ಸಾಲನ್ನು ಹಲೇವಿ ಬರೆದ ಕಾಲಕ್ಕೆ, ಆ ಸಾಲಿನ ಸತ್ಯಾಸತ್ಯತೆಗೆ ನೇರವಾಗಿ ಸಂಬಂಧಪಟ್ಟ ಒಬ್ಬ ಹೆಂಗಸು ನಮ್ಮ ಕರಾವಳಿಯಲ್ಲಿ ಬದುಕುತ್ತಿದ್ದಳು.

ಹಲೇವಿಯ ದಾರಿ ಮುಂದೆ ಕಬ್ಬಾಲಾದ ಅನುಭಾವದಲ್ಲಿ ಬೆಳೆಯಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಲಿಯಾದಿಯ ಶ್ನೆಯೊರ್ ಜಲ್ಮನ್ ಬರೆದ 'ತಾನ್ಯಾ' ಯೆಹೂದಿಯ ಆತ್ಮವನ್ನೇ ಬೇರೆ ಬಗೆಯದೆಂದು ವಿವರಿಸುತ್ತದೆ. ಇಂದಿಗೂ ಅದನ್ನು ಭಕ್ತಿಯಿಂದ ಓದುವವರಿದ್ದಾರೆ, ಅದರ ಈ ಭಾಗದಿಂದ ಮುಜುಗರಪಡುವ ಯೆಹೂದಿಗಳೂ ಇದ್ದಾರೆ.

ಆಧುನಿಕ ಯುಗದ ಮೊದಲ ಪೆಟ್ಟು ಒಳಗಿನಿಂದಲೇ ಬಂತು. 1656ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಮುದಾಯದಿಂದ ಬಹಿಷ್ಕಾರಕ್ಕೆ ಒಳಗಾದ ತತ್ತ್ವಜ್ಞಾನಿ ಸ್ಪಿನೋಜಾ, 1670ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಹೀಬ್ರೂ ಜನರ ಆಯ್ಕೆ ಅವರ ಪ್ರಾಚೀನ ರಾಜ್ಯಕ್ಕೂ ಲೌಕಿಕ ಏಳಿಗೆಗೂ ಸಂಬಂಧಿಸಿದ್ದು, ರಾಜ್ಯ ಅಳಿದ ಮೇಲೆ ಅದಕ್ಕೆ ಅರ್ಥವಿಲ್ಲ, ಜ್ಞಾನದಲ್ಲೂ ಸದ್ಗುಣದಲ್ಲೂ ಎಲ್ಲ ಜನಾಂಗಗಳೂ ಸಮಾನ ಎಂದು ವಾದಿಸಿದ. ಹತ್ತೊಂಬತ್ತನೆಯ ಶತಮಾನದಲ್ಲಿ ಪೌರತ್ವ ಪಡೆದ ಜರ್ಮನಿಯ ಸುಧಾರಣಾವಾದಿ ಯೆಹೂದಿಗಳು ಆಯ್ಕೆಯನ್ನು ಲೋಕಕ್ಕೆ ಏಕದೇವತ್ವವನ್ನೂ ನೀತಿಯನ್ನೂ ಸಾರುವ ನಿಯೋಗವೆಂದು ಮರುವ್ಯಾಖ್ಯಾನಿಸಿ, ಯೆಶಾಯನ 'ಜನಾಂಗಗಳಿಗೆ ಬೆಳಕು' ಎಂಬ ಮಾತನ್ನು ಮುಂದಿಟ್ಟರು.

ಅಮೆರಿಕದ ರಬ್ಬಿ ಮೊರ್ದೆಕೈ ಕಾಪ್ಲಾನ್ (1881–1983) ಈ ಮರುವ್ಯಾಖ್ಯಾನವೂ ಸಾಲದು ಎಂದರು. ಒಂದು ಜನ ತನ್ನನ್ನು ಆರಿಸಿಕೊಂಡದ್ದೆಂದು ಹೇಳಿಕೊಳ್ಳುವುದು, ಅದನ್ನು ಎಷ್ಟೇ ವಿನಯದಿಂದ ವಿವರಿಸಿದರೂ, ಸರಿಯಲ್ಲವೆಂಬುದು ಅವರ ನಿಲುವು. 1945ರಲ್ಲಿ ಅವರು ಮತ್ತು ಸಂಗಡಿಗರು ತಂದ ಶಬ್ಬಾತ್ ಪ್ರಾರ್ಥನಾ ಪುಸ್ತಕದಲ್ಲಿ ತೋರಾ ಓದಿನ ಸ್ತುತಿ ಬದಲಾಗಿತ್ತು. 'ನಮ್ಮನ್ನು ಆರಿಸಿಕೊಂಡ' ಎಂಬುದರ ಜಾಗದಲ್ಲಿ 'ನಮ್ಮನ್ನು ತನ್ನ ಸೇವೆಗೆ ಹತ್ತಿರ ತಂದ' ಎಂಬ ಮಾತು ಬಂತು. ಆ ವರ್ಷದ ಜೂನ್ ತಿಂಗಳಲ್ಲಿ ಕಟ್ಟಾ ಸಂಪ್ರದಾಯದ ರಬ್ಬಿಗಳ ಒಕ್ಕೂಟವೊಂದು ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಸಭೆ ಸೇರಿ ಕಾಪ್ಲಾನರಿಗೆ ಬಹಿಷ್ಕಾರ ಹಾಕಿತು; ಆ ಪ್ರಾರ್ಥನಾ ಪುಸ್ತಕದ ಪ್ರತಿಯನ್ನು ಅಲ್ಲಿ ಸುಡಲಾಯಿತು. ಪುಸ್ತಕಗಳನ್ನು ಸುಟ್ಟ ಹಿಟ್ಲರನ ಆಡಳಿತ ಸೋತು ಆಗಿನ್ನೂ ಎರಡು ತಿಂಗಳೂ ಆಗಿರಲಿಲ್ಲ.

ಅರವತ್ತು ಲಕ್ಷ ಯೆಹೂದಿಗಳ ಕೊಲೆಯ ನಂತರ ಆಮೋಸನ 'ಆದಕಾರಣ' ಬೇರೆಯದೇ ರೀತಿಯಲ್ಲಿ ಕೇಳಿಸತೊಡಗಿತು. 1961ರಲ್ಲಿ ರಿಚರ್ಡ್ ರೂಬೆನ್‌ಸ್ಟೈನ್ ಎಂಬ ಅಮೆರಿಕದ ರಬ್ಬಿ ಬರ್ಲಿನ್‌ನಲ್ಲಿ ಹೈನ್ರಿಖ್ ಗ್ರೂಬರ್ ಎಂಬ ಪ್ರಾಟೆಸ್ಟಂಟ್ ಪಾದ್ರಿಯನ್ನು ಭೇಟಿಯಾದರು. ಗ್ರೂಬರ್ ನಾಜಿಗಳ ಕಾಲದಲ್ಲಿ ಯೆಹೂದಿಗಳಿಗೆ ನೆರವಾಗಿ ಅದಕ್ಕಾಗಿ ಸೆರೆಶಿಬಿರದಲ್ಲಿ ನರಳಿದವರು, ನಾಜಿ ಅಧಿಕಾರಿ ಐಖ್‌ಮನ್ ವಿಚಾರಣೆಯಲ್ಲಿ ಸಾಕ್ಷಿ ನುಡಿದವರು, ಒಳ್ಳೆಯ ಮನುಷ್ಯ. ಆ ಒಳ್ಳೆಯ ಮನುಷ್ಯ, ಬಾಬಿಲೋನಿನ ಅರಸನನ್ನು ಕಳುಹಿಸಿದಂತೆ ಹಿಟ್ಲರನನ್ನೂ ದೇವರೇ ತನ್ನ ಜನರ ಮೇಲೆ ಕಳುಹಿಸಿರಬೇಕು ಎಂಬ ಅರ್ಥದ ಮಾತನ್ನು ಆಡಿದರು. ಚರಿತ್ರೆಯನ್ನು ನಡೆಸುವ ದೇವರು, ಅವನು ಆರಿಸಿಕೊಂಡ ಜನ ಎಂಬ ಎರಡನ್ನೂ ನಂಬಿದರೆ ತಾನೂ ಇದೇ ತೀರ್ಮಾನಕ್ಕೆ ಬರಬೇಕಾಗುತ್ತದೆ ಎಂದು ರೂಬೆನ್‌ಸ್ಟೈನ್‌ಗೆ ಹೊಳೆಯಿತು. ಅವರು ಆ ನಂಬಿಕೆಯನ್ನೇ ಕೈಬಿಟ್ಟರು. ಇತರ ಚಿಂತಕರು ಆಯ್ಕೆಯನ್ನು ಉಳಿಸಿಕೊಂಡು, ಶಿಕ್ಷೆಯ ವಿವರಣೆಯನ್ನು ಮಾತ್ರ ತಳ್ಳಿಹಾಕಿದರು. ಮಕ್ಕಳನ್ನು ಸುಟ್ಟದ್ದನ್ನು ಶಿಕ್ಷೆ ಎನ್ನುವ ಯಾವ ದೈವಶಾಸ್ತ್ರವನ್ನೂ ನನ್ನ ಮನಸ್ಸು ಸ್ವೀಕರಿಸುವುದಿಲ್ಲ.

ಈಚಿನ ಇಬ್ಬರು ಸಂಪ್ರದಾಯನಿಷ್ಠ ಚಿಂತಕರು ಹಳೆಯ ಭೇದವನ್ನು ಮತ್ತೆ ಸ್ಪಷ್ಟಪಡಿಸಿದ್ದಾರೆ. ಯೆರೂಸಲೇಮಿನ ವಿಜ್ಞಾನಿ ಮತ್ತು ತತ್ತ್ವಜ್ಞಾನಿ ಯೆಶಾಯಾಹು ಲೈಬೋವಿಟ್ಸ್ (1903–1994) ಅರಣ್ಯಕಾಂಡದ ಎರಡು ನೆರೆಯ ಅಧ್ಯಾಯಗಳನ್ನು ಎದುರುಬದುರು ಇಟ್ಟರು. ಹದಿನೈದನೆಯದರ ಕೊನೆಯಲ್ಲಿ ಆಜ್ಞೆಗಳನ್ನು ನೆನೆದು ನಡೆಸಿ 'ಪರಿಶುದ್ಧರಾಗಿರಿ' ಎಂದಿದೆ. ಹದಿನಾರನೆಯದರ ಆರಂಭದಲ್ಲಿ ಮೋಶೆಯ ವಿರುದ್ಧ ದಂಗೆಯೆದ್ದ ಕೋರಹನು 'ಸಮೂಹವೆಲ್ಲ ಪರಿಶುದ್ಧವೇ ಆಗಿದೆ' ಎನ್ನುತ್ತಾನೆ. ಒಂದು ಎಂದಿಗೂ ಮುಗಿಯದ ಕೆಲಸ, ಇನ್ನೊಂದು ಈಗಾಗಲೇ ಕೈಯಲ್ಲಿರುವ ಆಸ್ತಿ. 1967ರ ಅರಬ್-ಇಸ್ರೇಲ್ ಯುದ್ಧದ ಬಳಿಕ ನೆಲಕ್ಕೂ ಜನಕ್ಕೂ ಸಹಜವಾದ ಪಾವಿತ್ರ್ಯವನ್ನು ಆರೋಪಿಸುತ್ತಿದ್ದ ಸ್ವದೇಶೀಯರಿಗೆ ಅವರು ಕೋರಹನನ್ನು ನೆನಪಿಸಿದರು. ಅಮೆರಿಕದ ಮೈಕೆಲ್ ವೈಷೋಗ್ರಾಡ್ ಇದಕ್ಕೆ ವ್ಯತಿರಿಕ್ತವಾಗಿ, 1983ರಲ್ಲಿ, ದೇವರು ಪ್ರೀತಿಸಿದ್ದು ಒಂದು ತತ್ವವನ್ನಲ್ಲ, ಅಬ್ರಹಾಮನ ಮಾಂಸರಕ್ತದ ಕುಟುಂಬವನ್ನು ಎಂದರು. ಎಲ್ಲರನ್ನೂ ಒಂದೇ ಬಗೆಯಲ್ಲಿ ಪ್ರೀತಿಸುವುದೆಂದರೆ ಯಾರನ್ನೂ ಅವರಾಗಿಯೇ ಪ್ರೀತಿಸದಿರುವುದು. ಹೆಸರು ಹಿಡಿದು ಕರೆಯುವ ಪ್ರೀತಿ ಒಬ್ಬರಿಂದಲೇ ಶುರುವಾಗಬೇಕು ಎಂಬುದು ಅವರ ವಾದದ ಸಾರ. ನಾನು ಲೈಬೋವಿಟ್ಸ್ ಕಡೆಗೆ ವಾಲುತ್ತೇನೆ, ಆದರೆ ವೈಷೋಗ್ರಾಡ್ ಮಾತಿನ ಬಿಸುಪನ್ನು ಅಲ್ಲಗಳೆಯಲಾರೆ. ಧರ್ಮೋಪದೇಶಕಾಂಡ ಕೊಟ್ಟ ಕಾರಣವೂ ಪ್ರೀತಿಯೇ ಅಲ್ಲವೇ?

ಇಷ್ಟೆಲ್ಲ ವಾದಗಳ ನಡುವೆಯೂ ಬಾಗಿಲು ತಟ್ಟುವವರು ಬರುತ್ತಲೇ ಇದ್ದಾರೆ. ಮೂವರು ಕುಳಿತ ರಬ್ಬಿಗಳ ಮುಂದೆ, ಈ ಜನರ ಸಂಕಟ ನಿನಗೆ ಗೊತ್ತೇ ಎಂಬ ಹಳೆಯ ಪ್ರಶ್ನೆಗೆ ಉತ್ತರ ಕೊಟ್ಟು, ಮಿಕ್ವೆ ಎಂಬ ಶುದ್ಧಿಸ್ನಾನದ ಕೊಳದ ನೀರಿನಲ್ಲಿ ಮುಳುಗಿ ಎದ್ದವನು ಮುಂದಿನ ಶಬ್ಬಾತ್ ದಿನ ಸುರುಳಿಯ ಬಳಿಗೆ ಕರೆ ಬಂದಾಗ, ಒಬದ್ಯನಿಗೆ ಸಿಕ್ಕ ಅನುಮತಿಯಂತೆಯೇ, 'ನಮ್ಮನ್ನು ಆರಿಸಿಕೊಂಡು' ಎಂದು ಶುರುಮಾಡುತ್ತಾನೆ, ಹುಟ್ಟಿನಿಂದ ಯೆಹೂದಿಗಳಾದವರು ಆಮೆನ್ ಎನ್ನುತ್ತಾರೆ.